ಹದಿನಾಲ್ಕು ಮಳೆಗಾಲ ನಿಂತ ಅಂಬಾಸಿಡರ್: ಮೂರನೇ ಸಿಲಿಂಡರಿನ ಗಾಳಿ ಎಲ್ಲಿ ಸೋರುತ್ತಿತ್ತು?

ಗಾಡಿ 1972ರ ಅಂಬಾಸಿಡರ್ ಮಾರ್ಕ್ 2. ಮಡಿಕೇರಿಯಿಂದ ಗಾಳಿಬೀಡಿಗೆ ಹೋಗುವ ರಸ್ತೆಯಲ್ಲಿ ಒಂದು ಕಾಫಿ ತೋಟ, ಅಲ್ಲಿನ ಗೋದಾಮಿಗೆ ತಾಗಿಕೊಂಡ ಹೆಂಚಿನ ಶೆಡ್. 2009ರ ಬೇಸಿಗೆಯಲ್ಲಿ ಅದರೊಳಗೆ ಹೋದ ಕಾರು 2023ರ ಬೇಸಿಗೆವರೆಗೂ ಅಲ್ಲೇ ಇತ್ತು. ಕೆಟ್ಟು ನಿಂತದ್ದಲ್ಲ. ಮನೆಗೆ ಹೊಸ ಜೀಪು ಬಂತು, ತೋಟದ ದಾರಿಗೆ ಅದೇ ಅನುಕೂಲವಾಯಿತು, ಕಾರು ಮೂಲೆಗೆ ಸರಿಯಿತು.

ನಾನು ನೋಡುವ ಮೊದಲೇ ಬೇರೆ ಊರಿನ ಒಂದು ಗ್ಯಾರೇಜಿನವರು ಬಂದು ಕಂಪ್ರೆಷನ್ ಗೇಜ್, ಅಂದರೆ ಸಿಲಿಂಡರಿನೊಳಗೆ ಪಿಸ್ಟನ್ ಗಾಳಿಯನ್ನು ಎಷ್ಟು ಒತ್ತುತ್ತದೆ ಎಂದು ಅಳೆಯುವ ಸಾಧನ, ಹಾಕಿ ಹೋಗಿದ್ದರು. ಅವರು ಬರೆದುಕೊಟ್ಟ ಚೀಟಿಯನ್ನು ಯಜಮಾನರು ಆರ್‌ಸಿ ಪುಸ್ತಕದ ಒಳಗೆ ಇಟ್ಟುಕೊಂಡಿದ್ದರು. ಒಂದನೇ ಸಿಲಿಂಡರ್ 45, ಎರಡನೆಯದು 70, ಮೂರನೆಯದು 10, ನಾಲ್ಕನೆಯದು 65 ಪೌಂಡ್ (ಚದರ ಇಂಚಿಗೆ). ಕೆಳಗೆ ಒಂದೇ ಸಾಲು: ಎಂಜಿನ್ ಹೋಗಿದೆ, ಇಳಿಸಿ ಬೋರಿಂಗ್ ಮಾಡಿಸಬೇಕು. ಬೋರ್ ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಗೋಡೆ, ಸವೆದಾಗ ಅದನ್ನು ಕೊರೆದು ಸರಿಮಾಡುವುದೇ ಬೋರಿಂಗ್.

"ಮೈಸೂರಿಗೆ ಹೋಗಿ ಬಂದು ನಿಲ್ಲಿಸಿದ ಗಾಡಿ ಮಾರಾಯ. ಚಾಮುಂಡಿ ಬೆಟ್ಟ ಮೂರನೇ ಗೇರಲ್ಲಿ ಹತ್ತಿತ್ತು. ನಿಂತಲ್ಲೇ ಬೋರ್ ಹೇಗೆ ಸವೀತದೆ?" ಅಂತ ಯಜಮಾನರು ಕೇಳಿದರು.

"ಸವೆಯೋದಿಲ್ಲ ಅಣ್ಣ. ತುಕ್ಕು ಹಿಡೀತದೆ, ಅಂಟಿಕೊಳ್ತದೆ. ಅದು ಬೇರೆ, ಇದು ಬೇರೆ."

ನಿಂತ ಗಾಡಿಯ ಕಂಪ್ರೆಷನ್ ನೋಡುವವರು ಮೊದಲು ಹಿಡಿದುಕೊಳ್ಳಬೇಕಾದ ಪ್ರಶ್ನೆ ಇದೇ. ದಿನಾ ಓಡುವ ಗಾಡಿಯಲ್ಲಿ ಕಂಪ್ರೆಷನ್ ಕಡಿಮೆಯಾದರೆ ಸವಕಳಿಯನ್ನು ಅನುಮಾನಿಸುವುದು ಸರಿ. ಪಿಸ್ಟನ್ ಸುತ್ತ ಗಾಳಿ ಸೋರದಂತೆ ತಡೆಯುವ ರಿಂಗು ತೆಳ್ಳಗಾಗಿರುತ್ತದೆ, ಬೋರ್ ಮೇಲ್ಭಾಗದಲ್ಲಿ ಅಗಲವಾಗಿರುತ್ತದೆ, ಹೊಗೆ ಹೊರಗೆ ಬಿಡುವ ಎಕ್ಸಾಸ್ಟ್ ವಾಲ್ವ್ ಸುಟ್ಟಿರುತ್ತದೆ. ಚೆನ್ನಾಗಿ ಓಡುತ್ತಿದ್ದಾಗಲೇ ನಿಲ್ಲಿಸಿದ ಗಾಡಿಯಲ್ಲಿ ನಡೆಯುವುದೇ ಬೇರೆ. ಪಿಸ್ಟನ್ನಿನಲ್ಲಿ ರಿಂಗು ಕೂರುವ ತೋಡಿನೊಳಗೆ ಹಳೇ ಆಯಿಲ್ ಗಟ್ಟಿಯಾಗಿ ರಿಂಗು ಅಂಟಿ ಕೂತುಬಿಡುತ್ತದೆ. ತೆರೆದಿದ್ದ ವಾಲ್ವಿನ ಸೀಟಿಗೆ, ಅಂದರೆ ಮುಚ್ಚಿದಾಗ ಅದು ಕೂರುವ ಜಾಗಕ್ಕೆ, ತುಕ್ಕು ಹತ್ತುತ್ತದೆ. ವಾಲ್ವಿನ ಕಾಂಡಕ್ಕೆ ಪೆಟ್ರೋಲಿನ ಮೇಣ ಅಂಟಿ ಅದು ತಾನು ಜಾರುವ ಕೊಳವೆಯಾದ ಗೈಡಿನಲ್ಲಿ ಬಿಗಿಯಾಗುತ್ತದೆ. ಗೇಜಿನ ಮುಳ್ಳು ಎರಡೂ ಕಡೆ ಕೆಳಗೇ ಇರುತ್ತದೆ, ಆದರೆ ಮಾಡಬೇಕಾದ ಕೆಲಸ ಒಂದೇ ಅಲ್ಲ. ಸವಕಳಿಗೆ ಬೋರಿಂಗ್ ಬೇಕು. ಅಂಟಿದ ರಿಂಗಿಗೆ ಎಷ್ಟೋ ಸಲ ಎಣ್ಣೆ ಮತ್ತು ತಾಳ್ಮೆ ಸಾಕು.

ಆ ಚೀಟಿಯ ಅಂಕಿಗಳನ್ನು ನಾನು ಪಕ್ಕಕ್ಕಿಟ್ಟೆ. ಅಳೆದವರು ಸುಳ್ಳು ಬರೆದಿದ್ದಾರೆ ಅಂತಲ್ಲ, ಅಳೆದ ರೀತಿ ಗೊತ್ತಾದ ಮೇಲೆ ಆ ಅಂಕಿಗಳಿಗೆ ಬೆಲೆ ಕಟ್ಟಲು ಆಗಲಿಲ್ಲ. ಬ್ಯಾಟರಿ ಜೀಪಿನಿಂದ ತಂದದ್ದು, ಅರ್ಧ ಚಾರ್ಜು; ಸೆಲ್ಫ್ ಏದುತ್ತಾ ತಿರುಗಿತ್ತಂತೆ. ಆಕ್ಸಿಲರೇಟರ್ ಯಾರೂ ಒತ್ತಿ ಹಿಡಿದಿರಲಿಲ್ಲ, ಅಂದರೆ ಥ್ರಾಟಲ್ ಮುಚ್ಚಿಯೇ ಇತ್ತು. ಏರ್ ಕ್ಲೀನರ್ ಬಿಚ್ಚಿದರೆ ಒಳಗೆ ಇಲಿ ಗೂಡು: ಗೋಣಿ ನಾರು, ಕಾಫಿ ಸಿಪ್ಪೆ, ಚೂರು ಮಾಡಿದ ಪೇಪರ್, ಎಲ್ಲ ಒತ್ತಿ ತುಂಬಿತ್ತು. ಸಿಲಿಂಡರಿಗೆ ಗಾಳಿಯೇ ಸರಿಯಾಗಿ ಹೋಗದಿದ್ದರೆ ಒತ್ತಲು ಏನಿರುತ್ತದೆ? ಒಳ್ಳೆ ಎಂಜಿನ್ನೂ ಈ ಸ್ಥಿತಿಯಲ್ಲಿ ಕಡಿಮೆಯನ್ನೇ ತೋರಿಸುತ್ತದೆ. ಆದರೂ ಒಂದು ವಿಷಯ ಆ ಚೀಟಿಯಲ್ಲಿ ನಿಜ ಇತ್ತು. ನಾಲ್ಕೂ ಸಿಲಿಂಡರುಗಳ ಕಷ್ಟ ಒಂದೇ ಇದ್ದರೂ ಒಂದು ಮತ್ತು ಮೂರು ಉಳಿದೆರಡಕ್ಕಿಂತ ಬಹಳ ಕೆಳಗಿದ್ದವು. ಅದನ್ನು ಮನಸ್ಸಿನಲ್ಲಿಟ್ಟುಕೊಂಡೆ.

ತಿರುಗಿಸುವ ಮೊದಲು

ನಿಂತ ಎಂಜಿನ್ನಿಗೆ ನೇರ ಸೆಲ್ಫ್ ಹೊಡೆಯುವುದು ನನಗೆ ಆಗದ ಕೆಲಸ. ಅಂಟಿದ ವಾಲ್ವನ್ನು ಅದರ ಮೇಲಿನ ತೋಳು, ಅಂದರೆ ರಾಕರ್, ಬಲವಂತವಾಗಿ ಒತ್ತಿದರೆ ರಾಕರನ್ನು ಎತ್ತುವ ಪುಶ್ ರಾಡ್ ಬಾಗುತ್ತದೆ, ತುಕ್ಕಿನ ಮೇಲೆ ರಿಂಗು ಒರೆಸಿದರೆ ಮುರಿಯುತ್ತದೆ. ಈ ಗಾಡಿಗೆ ಆಗಲೇ ಒಮ್ಮೆ ಸೆಲ್ಫ್ ಬಿದ್ದಾಗಿತ್ತು. ಹಾಗಾಗಿ ಗಾಡಿ ನಿಂತಿದ್ದಾಗ ಕ್ರ್ಯಾಂಕ್ (ಪಿಸ್ಟನ್ನುಗಳು ತಿರುಗಿಸುವ ಶಾಫ್ಟ್) ಯಾವ ಸ್ಥಾನದಲ್ಲಿತ್ತು ಎಂಬುದನ್ನು ನೇರವಾಗಿ ಓದಲು ಇನ್ನು ಸಾಧ್ಯವಿರಲಿಲ್ಲ. ಮುಟ್ಟದ ಗಾಡಿಯಾಗಿದ್ದರೆ ಪ್ಲಗ್ಗುಗಳಿಗೆ ಕರೆಂಟು ಹಂಚುವ ಡೆಲ್ಕೋದ ಮುಚ್ಚಳ ತೆಗೆದು ಅದರೊಳಗೆ ತಿರುಗುವ ರೋಟರ್ ಯಾವ ಪ್ಲಗ್ಗಿನ ಕಡೆ ಮುಖ ಮಾಡಿದೆ ಎಂದು ನೋಡಿ, ಫೋನಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳುತ್ತಿದ್ದೆ. ಆ ಒಂದು ಫೋಟೋ ಎಷ್ಟು ಕೆಲಸ ಉಳಿಸುತ್ತದೆ ಎಂದು ಮುಂದೆ ಗೊತ್ತಾಗುತ್ತದೆ.

ಯಜಮಾನರನ್ನು ಒಂದು ಮಾತು ಕೇಳಿದೆ: ನಡುವೆ ಯಾವಾಗಲಾದರೂ ಎಂಜಿನ್ ತಿರುಗಿಸಿದ್ದಿರಾ? ಇಲ್ಲ. ಮೊದಲ ಕೆಲವು ವರ್ಷ ಆಯುಧಪೂಜೆಗೆ ಹೊರಗೆ ತಳ್ಳಿ, ತೊಳೆದು, ಹೂವು ಹಾಕಿ, ಮತ್ತೆ ಒಳಗೆ ತಳ್ಳುತ್ತಿದ್ದರು. ನ್ಯೂಟ್ರಲ್‌ನಲ್ಲೇ ತಳ್ಳಿದ್ದು. ಟೈರು ಕೂತ ಮೇಲೆ ಅದೂ ನಿಂತಿತು. ಅಂದರೆ ಗಾಡಿ ಅಲುಗಾಡಿದರೂ ಕ್ರ್ಯಾಂಕ್ ಹದಿನಾಲ್ಕು ಮಳೆಗಾಲ ಒಂದೇ ಜಾಗದಲ್ಲಿ ಕೂತಿತ್ತು.

ಪ್ಲಗ್ ಬಿಚ್ಚಿ ಫೋನಿಗೆ ಜೋಡಿಸುವ ಸಣ್ಣ ಕ್ಯಾಮೆರಾ ಇಳಿಸಿ ನೋಡಿದೆವು. ನಾಲ್ಕೂ ಪಿಸ್ಟನ್ನಿನ ತಲೆ ಮೇಲೆ ಒಣ ಇಂಗಾಲ. ಎರಡು ಮತ್ತು ನಾಲ್ಕರ ಗೋಡೆ ಬೂದು ಬಣ್ಣ, ಹೊಳಪು ಇನ್ನೂ ಇದೆ. ಒಂದರ ಗೋಡೆಯಲ್ಲಿ ಕಂದು ಕಲೆ. ಮೂರರಲ್ಲಿ ಕಲೆಯಷ್ಟೇ ಅಲ್ಲ, ಬೋರಿನ ಅರ್ಧ ಎತ್ತರದಲ್ಲಿ ಬಳೆಯ ಹಾಗೆ ಸುತ್ತಲೂ ಒಂದು ತುಕ್ಕಿನ ಗೆರೆ. ಅಲ್ಲಿಂದ ಮೇಲೆ ಒರಟು, ಕೆಳಗೆ ನಯ. ಇಷ್ಟೂ ವರ್ಷ ಪಿಸ್ಟನ್ ನಿಂತಿದ್ದ ಜಾಗ ಅದು.

ಪ್ರತಿ ಸಿಲಿಂಡರಿಗೂ ಡೀಸೆಲ್ ಮತ್ತು ಪವರ್ ಸ್ಟೀರಿಂಗ್ ಆಯಿಲ್ ಅರ್ಧಕ್ಕರ್ಧ ಬೆರೆಸಿ ಸ್ವಲ್ಪ ಸ್ವಲ್ಪ ಹಾಕಿ ಕೆಲವು ದಿನ ಬಿಟ್ಟೆವು. ಎಣ್ಣೆ ರಿಂಗಿನ ಸಂದಿಗೆ ಇಳಿಯಲು ಹೊತ್ತು ಬೇಕು. ಇಳಿದದ್ದೆಲ್ಲ ಕೆಳಗೆ ಎಂಜಿನ್ ತಳದ ಆಯಿಲ್ ತೊಟ್ಟಿಗೆ ಹೋಗಿರುತ್ತದೆ, ಆದ್ದರಿಂದ ಆಮೇಲೆ ಎಂಜಿನ್ ಆಯಿಲ್ ಪೂರ್ತಿ ಇಳಿಸಿ ಹೊಸದು ಹಾಕಲೇಬೇಕು. ಪ್ಲಗ್ ಹಾಕಿಕೊಂಡು ತಿರುಗಿಸುವುದಂತೂ ಕೂಡದೇ ಕೂಡದು: ಸಿಲಿಂಡರಿನಲ್ಲಿ ಉಳಿದ ಎಣ್ಣೆಯನ್ನು ಒತ್ತಲು ಆಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಪ್ಲಗ್ ತೂತಿನ ಮೇಲೆ ಬಟ್ಟೆ ಹಾಕಿ, ಬಂಪರಿನ ತೂತಿನಿಂದ ಹ್ಯಾಂಡಲ್ ಕೊಟ್ಟು, ಹೆಬ್ಬೆರಳನ್ನು ಉಳಿದ ಬೆರಳುಗಳ ಜೊತೆಗೇ ಒಂದೇ ಕಡೆ ಇಟ್ಟು ಕೈಯಲ್ಲಿ ಸುತ್ತಿದೆವು. ಎಲ್ಲೂ ಹಿಡಿಯಲಿಲ್ಲ.

ರಾಕರ್ ಕವರ್ ತೆಗೆದು ಒಬ್ಬ ಹುಡುಗ ಹ್ಯಾಂಡಲ್ ತಿರುಗಿಸುವಾಗ ಎಂಟೂ ವಾಲ್ವುಗಳನ್ನು ನೋಡುತ್ತಾ ಕೂತೆ. ಇದು ಸಣ್ಣ ಕೆಲಸ ಅನ್ನಿಸಬಹುದು. ಗೇಜಿಗಿಂತ ಹೆಚ್ಚು ಹೇಳುವುದು ಇದೇ. ಏಳು ವಾಲ್ವ್ ಇಳಿದು ಎದ್ದವು. ಮುಂದಿನಿಂದ ಐದನೆಯದು, ಅಂದರೆ ಮೂರನೇ ಸಿಲಿಂಡರಿನ ಎಕ್ಸಾಸ್ಟ್ ವಾಲ್ವ್, ಇಳಿದದ್ದು ಸರಿಯಾಗಿ, ಏಳುವಾಗ ಮಾತ್ರ ತಡ. ರಾಕರ್ ಬಿಟ್ಟು ಹಿಂದೆ ಬಂದರೂ ಅದು ನಿಧಾನಕ್ಕೆ ತೆವಳುತ್ತಾ ಮೇಲೆ ಬರುತ್ತಿತ್ತು, ರಾಕರಿಗೂ ವಾಲ್ವಿನ ತಲೆಗೂ ನಡುವೆ ಕಣ್ಣಿಗೆ ಕಾಣುವಷ್ಟು ಸಂದು. ಕಾಂಡ ಗೈಡಿನಲ್ಲಿ ಬಿಗಿ. ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ, ಮರದ ಸುತ್ತಿಗೆಯಲ್ಲಿ ಮೆಲ್ಲನೆ ತಟ್ಟುತ್ತಾ, ಹ್ಯಾಂಡಲ್ ಸುತ್ತುತ್ತಾ ಇದ್ದಾಗ ಕೊನೆಗೆ ಉಳಿದವುಗಳ ಹಾಗೆ ಚಟ್ಟನೆ ಏಳತೊಡಗಿತು.

ಆಮೇಲೆ ಟ್ಯಾಪೆಟ್, ಅಂದರೆ ರಾಕರಿಗೂ ವಾಲ್ವಿಗೂ ನಡುವೆ ಇರಬೇಕಾದ ಸಂದು. ಈ ಎಂಜಿನ್ನಿನಲ್ಲಿ 15 ಥೌ (ಒಂದು ಥೌ ಅಂದರೆ ಇಂಚಿನ ಸಾವಿರದಲ್ಲಿ ಒಂದು ಪಾಲು) ಸಂದು ಬೇಕು. ಒಂಬತ್ತರ ಲೆಕ್ಕ ಗೊತ್ತಿದ್ದರೆ ಕೆಲಸ ಸುಲಭ, ಒತ್ತಿರುವ ವಾಲ್ವ್ ಮತ್ತು ಅಳೆಯುವ ವಾಲ್ವಿನ ನಂಬರ್ ಕೂಡಿದರೆ ಒಂಬತ್ತು ಬರಬೇಕು: ಎಂಟನೇ ವಾಲ್ವ್ ಪೂರ್ತಿ ಒತ್ತಿರುವಾಗ ಒಂದನೆಯದಕ್ಕೆ, ಆರು ಒತ್ತಿರುವಾಗ ಮೂರಕ್ಕೆ, ನಾಲ್ಕು ಒತ್ತಿರುವಾಗ ಐದಕ್ಕೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಹಾಕಬೇಕು. ಟ್ಯಾಪೆಟ್ ನೋಡದೆ ಕಂಪ್ರೆಷನ್ ಅಳೆಯುವುದರಲ್ಲಿ ಅರ್ಥವಿಲ್ಲ, ಸಂದು ಇಲ್ಲದ ವಾಲ್ವ್ ಪೂರ್ತಿ ಮುಚ್ಚುವುದೇ ಇಲ್ಲ.

ಗೇಜ್ ಹೇಳಿದ್ದು

ಹೊಸ ಬ್ಯಾಟರಿ. ನಾಲ್ಕೂ ಪ್ಲಗ್ ಹೊರಗೆ. ಏರ್ ಕ್ಲೀನರ್ ಬಿಚ್ಚಿ, ಥ್ರಾಟಲ್ ಪೂರ್ತಿ ತೆರೆದು ತಂತಿ ಕಟ್ಟಿದ್ದು. ಕಾಯಿಲ್ ವೈರ್ ತೆಗೆದದ್ದು. ಮೊದಲು ಸುಮ್ಮನೆ ಸೆಲ್ಫ್ ಹೊಡೆದು ರಾಕರಿಗೆ ಹೊಸ ಆಯಿಲ್ ಬರುವುದನ್ನು ನೋಡಿಕೊಂಡೆವು. ಅದರಲ್ಲೇ ನೆನೆಹಾಕಿದ ಎಣ್ಣೆ ಪ್ಲಗ್ ತೂತಿನಿಂದ ಹಾರಿಹೋಯಿತು. ಬಳಿಕ ಒಂದು ರಾತ್ರಿ ಹಾಗೇ ಬಿಟ್ಟೆವು. ಇದು ಮುಖ್ಯ. ನೆನೆಹಾಕಿದ ಕೂಡಲೇ ಅಳೆದರೆ ರಿಂಗಿನ ಸಂದಿಯಲ್ಲಿರುವ ಎಣ್ಣೆಯೇ ಗಾಳಿ ತಡೆದು ಅಂಕಿಯನ್ನು ಮೇಲಕ್ಕೆ ತೋರಿಸುತ್ತದೆ. ಆ ಖುಷಿ ಗಾಡಿ ಸ್ಟಾರ್ಟ್ ಆದ ಅರ್ಧ ಗಂಟೆಯಲ್ಲಿ ಇಳಿಯುತ್ತದೆ.

ಎಂಜಿನ್ ಬಿಸಿ ಇದ್ದಾಗ ಅಳೆಯುವುದು ಪದ್ಧತಿ. ಸ್ಟಾರ್ಟ್ ಆಗದ ಎಂಜಿನ್ನನ್ನು ಬಿಸಿ ಮಾಡುವುದು ಹೇಗೆ? ತಣ್ಣಗಿದ್ದಾಗಲೇ ಅಳೆದೆವು. ಅಂಕಿ ಸ್ವಲ್ಪ ಕಡಿಮೆ ಬರುತ್ತದೆ, ಆದರೆ ನಾಲ್ಕಕ್ಕೂ ಒಂದೇ ರೀತಿ ಕಡಿಮೆ ಬರುತ್ತದೆ, ಹೋಲಿಸಲು ತೊಂದರೆಯಿಲ್ಲ. ಒಂದರಲ್ಲಿ 78, ಎರಡರಲ್ಲಿ 108, ಮೂರರಲ್ಲಿ 25, ನಾಲ್ಕರಲ್ಲಿ 104.

ಮುಳ್ಳು ಕೊನೆಗೆ ನಿಂತ ಜಾಗವನ್ನಷ್ಟೇ ನೋಡಿದರೆ ಅರ್ಧ ವಿಷಯ ಕಳೆದುಹೋಗುತ್ತದೆ, ಅದು ಏರುವ ರೀತಿಯನ್ನೂ ನೋಡಬೇಕು. ಒಂದನೇ ಸಿಲಿಂಡರಿನಲ್ಲಿ ಮೊದಲ ಹೊಡೆತಕ್ಕೆ ಮೂವತ್ತರ ಹತ್ತಿರ, ಆಮೇಲೆ ಪ್ರತಿ ಹೊಡೆತಕ್ಕೂ ಸ್ವಲ್ಪ ಸ್ವಲ್ಪ ಏರುತ್ತಾ 78. ಇದು ರಿಂಗಿನ ನಡತೆ. ಮೂರನೆಯದರಲ್ಲಿ ಮುಳ್ಳು ಒಮ್ಮೆ ಎದ್ದು 25ರ ಹತ್ತಿರ ಕೂತದ್ದು ಕೂತೇಬಿಟ್ಟಿತು, ಎಷ್ಟು ಹೊಡೆದರೂ ಮೇಲೆ ಹೋಗಲಿಲ್ಲ. ಇದು ವಾಲ್ವಿನ ನಡತೆ.

ಗೇಜ್ ಇಲ್ಲದವರಿಗೂ ಒಂದು ದಾರಿ ಇದೆ. ಪ್ಲಗ್ ಹಾಕಿ, ಇಗ್ನಿಷನ್ ಆಫ್ ಇಟ್ಟು ಹ್ಯಾಂಡಲ್ ಸುತ್ತಿದರೆ ಎರಡು ಸುತ್ತಿಗೆ ನಾಲ್ಕು ಸಲ ಕೈಗೆ ಭಾರ ಸಿಗಬೇಕು. ಯಜಮಾನರ ಕೈಗೇ ಹ್ಯಾಂಡಲ್ ಕೊಟ್ಟೆ. ಭಾರ, ಭಾರ, ಅರ್ಧ ಭಾರ, ಆಮೇಲೆ ಏನೂ ಇಲ್ಲ. "ಇಲ್ಲಿ ಖಾಲಿ ಹೋಗ್ತದಲ್ಲ!" ಅಂದರು. ಈ ಎಂಜಿನ್ನಿನ ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳು ಒಂದಾದ ಮೇಲೊಂದು ಹೊಡೆಯುವ ಕ್ರಮ, 1-3-4-2. ಅರ್ಧ ಭಾರ ಒಂದನೆಯದು, ಅದರ ನಂತರ ಖಾಲಿ ಬಂದದ್ದು ಮೂರನೆಯದು. ಗೇಜ್ ಹೇಳಿದ್ದನ್ನೇ ಅವರ ಮುಂಗೈಯೂ ಹೇಳಿತು.

ಎತ್ತರದ ಲೆಕ್ಕ

108, 104 ಕೂಡ ಕಡಿಮೆಯಲ್ಲವೇ, 130 ಇರಬೇಕಲ್ಲವೇ ಎಂದು ಕೇಳುವವರಿಗೆ ಒಂದು ಮಾತು. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು 87 ಶೇಕಡಾ ಮಾತ್ರ. ಸಿಲಿಂಡರ್ ಎಳೆದುಕೊಳ್ಳುವ ಗಾಳಿಯೇ ತೆಳು, ಹಾಗಾಗಿ ಒತ್ತಿದಾಗ ಬರುವ ಅಂಕಿಯೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಮಂಗಳೂರಿನಲ್ಲಿ 130 ತೋರಿಸುವ ಎಂಜಿನ್ ಅದೇ ದಿನ ಘಾಟಿ ಹತ್ತಿ ಬಂದು ಇಲ್ಲಿ ಅಳೆದರೆ 113ರ ಆಸುಪಾಸು ತೋರಿಸುತ್ತದೆ. ಎಂಜಿನ್ನಿಗೆ ಏನೂ ಆಗಿಲ್ಲ.

ಅದೂ ಅಲ್ಲದೆ ಆ ಕಾಲದ 1489 ಸಿಸಿ ಎಂಜಿನ್ನಿನ ಕಂಪ್ರೆಷನ್ ರೇಷಿಯೋ (ಒಳಗೆ ಬಂದ ಗಾಳಿಯನ್ನು ಎಷ್ಟು ಪಟ್ಟು ಒತ್ತುತ್ತದೆ ಎಂಬ ಲೆಕ್ಕ) ಈಗಿನ ಕಾರುಗಳಿಗಿಂತ ಬಹಳ ಕಡಿಮೆ. ಈಗಿನ ಪೆಟ್ರೋಲ್ ಕಾರುಗಳಲ್ಲಿ 170, 180 ನೋಡಿ ರೂಢಿಯಾದ ಕಣ್ಣಿಗೆ ಈ ಅಂಬಾಸಿಡರಿನ 108 ಸತ್ತ ಎಂಜಿನ್ನಿನ ಹಾಗೆ ಕಾಣುತ್ತದೆ. ನಮ್ಮ ಜಿಲ್ಲೆಯಲ್ಲಿ ಹಳೇ ಗಾಡಿ ಇಟ್ಟುಕೊಂಡವರು ಈ ಲೆಕ್ಕವನ್ನು ಗೋಡೆ ಮೇಲೆ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಬಯಲುಸೀಮೆಯ ಅಂಕಿ ಹಿಡಿದುಕೊಂಡು ಬಂದವರು ಇಲ್ಲಿನ ಒಳ್ಳೆ ಎಂಜಿನ್ನುಗಳನ್ನೂ ಬಿಚ್ಚಿಸುತ್ತಾರೆ. ಎರಡು ಮತ್ತು ನಾಲ್ಕು ಆರೋಗ್ಯವಾಗಿವೆ ಅಂತ ನಾನು ಆಗಲೇ ತೀರ್ಮಾನಿಸಿದೆ. ಅಷ್ಟಕ್ಕೇ ಬೋರಿಂಗಿನ ಮಾತು ಬಿದ್ದುಹೋಯಿತು. ಒಂದೇ ಆಯಿಲಿನಲ್ಲಿ, ಒಂದೇ ದಾರಿಯಲ್ಲಿ ಓಡಿದ ನಾಲ್ಕು ಬೋರುಗಳಲ್ಲಿ ಎರಡು ಇಷ್ಟು ಚೆನ್ನಾಗಿದ್ದು ಇನ್ನೆರಡು ಪೂರ್ತಿ ಸವೆದು ಹೋಗಿರುವುದು ನಂಬುವ ಮಾತಲ್ಲ.

ಒಂದು ಮತ್ತು ಮೂರೇ ಯಾಕೆ?

ಈ ಪ್ರಕರಣದಲ್ಲಿ ನನಗೆ ಬಹಳ ಇಷ್ಟವಾದ ಭಾಗ ಇದು. ನಾಲ್ಕು ಸಿಲಿಂಡರಿನ ಎಂಜಿನ್ ಆಫ್ ಮಾಡಿದಾಗ ಕೊನೆಗೆ ಕಂಪ್ರೆಷನ್ನಿನಲ್ಲಿರುವ ಸಿಲಿಂಡರ್ ಪಿಸ್ಟನ್ನನ್ನು ಹಿಂದಕ್ಕೆ ತಳ್ಳುವುದರಿಂದ ನಾಲ್ಕೂ ಪಿಸ್ಟನ್ ಸಾಮಾನ್ಯವಾಗಿ ಬೋರಿನ ನಡುಭಾಗಕ್ಕೆ ಬಂದು ನಿಲ್ಲುತ್ತವೆ. ಆಗ ಒಂದು ಸಿಲಿಂಡರ್ ಗಾಳಿ ಒತ್ತುವ ಕಂಪ್ರೆಷನ್ನಿನಲ್ಲಿ, ಒಂದು ಪಿಸ್ಟನ್ನನ್ನು ಉರಿ ಕೆಳಗೆ ತಳ್ಳುವ ಪವರ್ ಸ್ಟ್ರೋಕಿನಲ್ಲಿ ಇರುತ್ತದೆ. ಈ ಎರಡರಲ್ಲಿ ಎರಡೂ ವಾಲ್ವ್ ಮುಚ್ಚಿರುತ್ತವೆ. ಉಳಿದ ಎರಡರಲ್ಲಿ ಒಂದರ ಇನ್‌ಲೆಟ್ (ಗಾಳಿ ಒಳಗೆ ಬಿಡುವ ವಾಲ್ವ್) ತೆರೆದಿರುತ್ತದೆ, ಇನ್ನೊಂದರ ಎಕ್ಸಾಸ್ಟ್ ತೆರೆದಿರುತ್ತದೆ.

1-3-4-2ರ ಲೆಕ್ಕದಲ್ಲಿ ನಾಲ್ಕನೆಯದು ಪವರ್ ಸ್ಟ್ರೋಕಿನಲ್ಲಿ ನಿಂತಿದೆ ಅಂದುಕೊಳ್ಳಿ. ಅದಕ್ಕಿಂತ ಮೊದಲು ಹೊಡೆದ ಮೂರನೆಯದು ಎಕ್ಸಾಸ್ಟಿನಲ್ಲಿ, ಅದಕ್ಕೂ ಮೊದಲಿನ ಒಂದನೆಯದು ಇನ್‌ಲೆಟ್‌ನಲ್ಲಿ, ಮುಂದೆ ಹೊಡೆಯಬೇಕಾದ ಎರಡನೆಯದು ಕಂಪ್ರೆಷನ್ನಿನಲ್ಲಿ ಇರುತ್ತದೆ. ಎರಡು ಮತ್ತು ನಾಲ್ಕು ಭದ್ರ. ಒಂದು ಮತ್ತು ಮೂರು ಬಾಗಿಲು ತೆರೆದುಕೊಂಡು ಕೂತಿವೆ. ಗೇಜು, ಕ್ಯಾಮೆರಾ, ಹ್ಯಾಂಡಲ್ ಮೂರೂ ಹೇಳಿದ್ದು ಇದನ್ನೇ. ಡೆಲ್ಕೋ ಫೋಟೋ ಇಲ್ಲದಿದ್ದರೂ ತುಕ್ಕೇ ಉತ್ತರ ಬರೆದಿಟ್ಟಿತ್ತು.

ಒಂದನೆಯದಕ್ಕೆ ತೇವ ಬಂದದ್ದು ಕಾರ್ಬುರೇಟರಿನ ದಾರಿಯಲ್ಲಿ, ನಡುವೆ ಏರ್ ಕ್ಲೀನರ್ ಇತ್ತು, ಅದರೊಳಗೆ ಇಲಿ ಗೂಡೂ ಇತ್ತು. ಹಾನಿ ಕಡಿಮೆ. ಮೂರನೆಯದಕ್ಕೆ ಬಂದದ್ದು ಸೈಲೆನ್ಸರಿನ ದಾರಿಯಲ್ಲಿ. ಪೆಟ್ರೋಲ್ ಉರಿದಾಗ ನೀರಿನ ಹಬೆಯೂ ಹುಟ್ಟುತ್ತದೆ. ದೂರ ಓಡಿದರೆ ಬಿಸಿಗೆ ಅದು ಹೊರಗೆ ಹೋಗುತ್ತದೆ, ಚಿಕ್ಕ ಓಟದಲ್ಲಿ ಪೈಪಿನೊಳಗೇ ನೀರಾಗಿ ಉಳಿಯುತ್ತದೆ. ಯಜಮಾನರನ್ನು ಕೇಳಿದೆ, ಕೊನೆಯ ಸಲ ಸ್ಟಾರ್ಟ್ ಮಾಡಿದ್ದು ಯಾವಾಗ ಅಂತ. ಮೈಸೂರಿನಿಂದ ಬಂದ ಮೇಲೆ ಅಂಗಳದಲ್ಲಿ ನಿಂತಿತ್ತು, ಕೆಲವು ದಿನ ಬಿಟ್ಟು ಬೆಳಿಗ್ಗೆ ತಣ್ಣಗಿದ್ದ ಗಾಡಿಯನ್ನು ಅಂಗಳದಿಂದ ಶೆಡ್ಡಿಗೆ ಓಡಿಸಿ ನಿಲ್ಲಿಸಿದ್ದಂತೆ. ಸೈಲೆನ್ಸರಿನ ತುಂಬ ನೀರು ಬಿಟ್ಟು ಹೋಗಲು ಅಷ್ಟೇ ಸಾಕು. ಅದರ ಮೇಲೆ ಪ್ರತಿ ವರ್ಷ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದ ನಮ್ಮ ಗಾಳಿ. 2018ರ ಆಗಸ್ಟಿನಲ್ಲಂತೂ ಶೆಡ್ಡಿನ ನೆಲವೇ ಒಸರುತ್ತಿತ್ತು ಅಂದರು.

ಎಲ್ಲಿ ಸೋರುತ್ತಿದೆ ಎಂದು ಕೇಳುವುದು

ಅನುಮಾನ ಗಟ್ಟಿಯಾಗಿತ್ತು, ಸಾಕ್ಷಿ ಬೇಕಿತ್ತು. ಪ್ರತಿ ಸಿಲಿಂಡರಿಗೂ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆದೆವು. ಎರಡು 114, ನಾಲ್ಕು 110. ಇಷ್ಟು ಏರುವುದು ಸಹಜ. ಒಂದು 78ರಿಂದ 100ಕ್ಕೆ ಹೋಯಿತು, ರಿಂಗೇ ಎಂದು ಖಚಿತವಾಯಿತು. ಮೂರು 25ರಿಂದ 27.

ಇಲ್ಲಿ ಎಚ್ಚರ ಬೇಕು. ಆಯಿಲ್ ಹಾಕಿದರೂ ಏರಲಿಲ್ಲ, ಹಾಗಾದರೆ ಮೂರರ ರಿಂಗು ಚೆನ್ನಾಗಿದೆ ಅನ್ನುವಂತಿಲ್ಲ. ವಾಲ್ವಿನಲ್ಲಿ ಅಷ್ಟು ದೊಡ್ಡ ಸೋರಿಕೆ ಇರುವಾಗ ರಿಂಗಿನ ಸೋರಿಕೆ ಗೇಜಿಗೆ ಕಾಣುವುದೇ ಇಲ್ಲ. ಈ ಪರೀಕ್ಷೆ ವಾಲ್ವ್ ಕೆಟ್ಟಿದೆ ಎಂದು ಹೇಳಿತು, ರಿಂಗಿನ ಬಗ್ಗೆ ಮೌನವಾಗಿತ್ತು. ಮೂರರ ಬೋರಿನ ಗೆರೆಯನ್ನು ಕಣ್ಣಾರೆ ಕಂಡ ಮೇಲೆ ಆ ಮೌನವನ್ನು ಒಳ್ಳೆ ಸುದ್ದಿ ಎಂದು ತಿಳಿಯಲು ನಾನು ತಯಾರಿರಲಿಲ್ಲ.

ಮುಂದಿನದು ಗಾಳಿ ತುಂಬಿ ಸೋರಿಕೆ ನೋಡುವುದು. ಎರಡು ಗೇಜು, ನಡುವೆ ಒಂದು ಮಿಲಿಮೀಟರ್ ತೂತಿನ ತುಂಡು, ಹಳೇ ಪ್ಲಗ್ಗಿನ ಲೋಹದ ಭಾಗಕ್ಕೆ ಬೆಸುಗೆ ಹಾಕಿದ ಪೈಪು. ಕಂಪ್ರೆಸರ್ ಟ್ಯಾಂಕಿನ ನೀರು ಇಳಿಸಿಕೊಂಡೇ ಶುರು ಮಾಡಿದೆವು, ಇಲ್ಲದಿದ್ದರೆ ತುಕ್ಕು ಹಿಡಿದ ಬೋರಿಗೆ ನಾವೇ ಮತ್ತೆ ನೀರು ಹಾಕಿದಂತೆ. ಪಿಸ್ಟನ್ ಕಂಪ್ರೆಷನ್ನಿನ ತುದಿಯಲ್ಲಿರಬೇಕು, ಸ್ವಲ್ಪ ಆಚೀಚೆ ಇದ್ದರೂ ಗಾಳಿ ಕ್ರ್ಯಾಂಕನ್ನು ತಿರುಗಿಸಿಬಿಡುತ್ತದೆ. ಹ್ಯಾಂಡ್‌ಬ್ರೇಕ್ ಕೇಬಲ್ ಹಿಡಿದುಹೋಗಿತ್ತು. ಟಾಪ್ ಗೇರಿಗೆ ಹಾಕಿ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟೆವು. ಹ್ಯಾಂಡಲನ್ನು ಕಡ್ಡಾಯವಾಗಿ ಹೊರಗೆ ತೆಗೆದಿಟ್ಟೆವು.

80 ಪೌಂಡ್ ಕೊಟ್ಟಾಗ ಎರಡನೆಯದು 70, ನಾಲ್ಕನೆಯದು 69 ಹಿಡಿದುಕೊಂಡವು. ಒಂದನೆಯದು 52, ಅಂದರೆ ಮೂರರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು ಸೋರಿಕೆ. ಆಯಿಲ್ ತುಂಬುವ ಬಾಯಿಗೆ ಕಿವಿ ಕೊಟ್ಟರೆ ಸುಯ್ ಎನ್ನುವ ಸದ್ದು. ಕಾರ್ಬುರೇಟರಿನಲ್ಲಿ ಸದ್ದಿಲ್ಲ, ರೇಡಿಯೇಟರಿನಲ್ಲಿ ಗುಳ್ಳೆ ಇಲ್ಲ. ಮೂರನೆಯದು 20. ಹುಡುಗ ಸೈಲೆನ್ಸರಿನ ಹಿಂದೆ ಅಂಗೈ ಹಿಡಿದು ಕೂತಿದ್ದ. ಗಾಳಿ ಬಿಟ್ಟ ಕೂಡಲೇ ಅವನ ಕೈಗೆ ಕೆಂಪು ಧೂಳು ಬಂದು ಬಡಿಯಿತು, ತುಕ್ಕಿನ ಧೂಳು. ಎರಡನೇ ಸಿಲಿಂಡರಿನ ಪ್ಲಗ್ ತೂತಿನಲ್ಲಿ ಗಾಳಿ ಬರುತ್ತದೆಯೇ ಎಂದೂ ನೋಡಿದೆ, ಇಲ್ಲ. ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಕಡಿಮೆ ಇದ್ದರೆ ಹೆಡ್ ಗ್ಯಾಸ್ಕೆಟ್, ಅಂದರೆ ಸಿಲಿಂಡರುಗಳಿಗೂ ಅವುಗಳ ಮೇಲಿನ ಮುಚ್ಚಳವಾದ ಹೆಡ್ಡಿಗೂ ನಡುವಿನ ಹಾಳೆ, ಅನುಮಾನಿಸಬೇಕು. ಇಲ್ಲಿ ಹಾಗಿರಲಿಲ್ಲ.

ಈ ಪರೀಕ್ಷೆಗೂ ಒಂದು ಮಿತಿ ಇದೆ. ಪಿಸ್ಟನ್ ತುದಿಯಲ್ಲಿರುವಾಗ ಅಳೆಯುವುದರಿಂದ ಬೋರಿನ ನಡುವಿರುವ ತುಕ್ಕಿನ ಗೆರೆಯ ಬಗ್ಗೆ ಅದು ಏನೂ ಹೇಳುವುದಿಲ್ಲ. ಅದಕ್ಕೆ ಕ್ಯಾಮೆರಾ ಇಲ್ಲವೇ ಕಣ್ಣೇ ಬೇಕು.

ಹೆಡ್ ಬಿಚ್ಚದೆ ಆಗುತ್ತದೆಯೇ ಎಂದು ಒಂದು ಪ್ರಯತ್ನ ಮಾಡಿದೆವು. ಸೀಟಿನ ಮೇಲೆ ಇಂಗಾಲ ಅಥವಾ ತುಕ್ಕಿನ ಚಕ್ಕೆ ಸಿಕ್ಕಿಕೊಂಡಿದ್ದರೆ, ಒಳಗೆ ಗಾಳಿ ಇರುವಾಗಲೇ ವಾಲ್ವಿನ ತಲೆಗೆ ಮೆತ್ತಗಿನ ಸುತ್ತಿಗೆಯಲ್ಲಿ ತಟ್ಟಿದರೆ ಗಾಳಿ ಅದನ್ನು ಊದಿಬಿಡುತ್ತದೆ. ಊದಿತು ಕೂಡ: ಮುಳ್ಳು 20ರಿಂದ 38ಕ್ಕೆ ಬಂತು. ಅಲ್ಲಿಂದ ಮೇಲೆ ಹೋಗಲಿಲ್ಲ. ಸೀಟು ತಿಂದುಹೋಗಿದೆ ಎಂದು ಆಗ ನಿರ್ಧರಿಸಿ ಹೆಡ್ ಬಿಚ್ಚಲು ಒಪ್ಪಿಗೆ ಕೇಳಿದೆ.

ಒಳಗೆ

ಕಬ್ಬಿಣದ ಹೆಡ್, ಇಬ್ಬರು ಎತ್ತಬೇಕು. ಗ್ಯಾಸ್ಕೆಟ್ ಹಳೆಯ ತಾಮ್ರ–ಕಲ್ನಾರಿನದು. ಅಂಥದ್ದನ್ನು ಒಣಗಿದ್ದಾಗ ತಂತಿ ಬ್ರಷ್ಷಿನಲ್ಲಿ ಉಜ್ಜಬೇಡಿ, ಆ ಧೂಳು ಶ್ವಾಸಕೋಶಕ್ಕೆ ಹೋದರೆ ಹೊರಗೆ ಬರುವುದಿಲ್ಲ. ನೀರು ಹಾಕಿ ನೆನೆಸಿ ಕೆರೆದು ತೆಗೆಯಬೇಕು.

ಮೂರನೇ ಸಿಲಿಂಡರಿನ ಎಕ್ಸಾಸ್ಟ್ ವಾಲ್ವಿನ ಮುಖದ ಒಂದು ಬದಿ ಕರಿ ಕಲೆ, ಉಗುರಿಗೆ ಸಿಗುವ ಗುಳಿಗಳು. ಸೀಟಿನಲ್ಲೂ ಅದೇ ಬದಿಯಲ್ಲಿ. ಈ ಎಂಜಿನ್ನಿನಲ್ಲಿ ಎರಡು ಮತ್ತು ಮೂರನೇ ಸಿಲಿಂಡರಿನ ಎಕ್ಸಾಸ್ಟಿಗೆ ಒಂದೇ ಪೋರ್ಟು, ಅಂದರೆ ಹೆಡ್ಡಿನೊಳಗೆ ಹೊಗೆ ಹೋಗುವ ಒಂದೇ ದಾರಿ. ಹಾಗಾಗಿ ಸೈಲೆನ್ಸರಿನ ತೇವ ಎರಡನೇ ಸಿಲಿಂಡರಿನ ವಾಲ್ವಿನ ಬೆನ್ನಿಗೂ ತಲುಪಿತ್ತು, ಬೆನ್ನು ಕೆಂಪಗಾಗಿತ್ತು. ಆದರೆ ಆ ವಾಲ್ವ್ ಮುಚ್ಚಿಕೊಂಡಿದ್ದರಿಂದ ಮುಖ ಮತ್ತು ಸೀಟು ಒಂದನ್ನೊಂದು ಕಾಪಾಡಿಕೊಂಡಿದ್ದವು, ಎರಡೂ ಬೆಳ್ಳಿಯ ಬಣ್ಣ. ಒಂದೇ ಪೋರ್ಟಿನ ಎರಡು ವಾಲ್ವುಗಳನ್ನು ಬೆಂಚಿನ ಮೇಲೆ ಪಕ್ಕಪಕ್ಕ ಇಟ್ಟು ಯಜಮಾನರಿಗೆ ತೋರಿಸಿದೆ. ತುಂಬ ಹೊತ್ತು ನೋಡಿದರು.

ಐದನೇ ವಾಲ್ವ್ ಹೊಸದು ಹಾಕಿ, ಸೀಟನ್ನು ಲೇತಿನವರ ಹತ್ತಿರ ಕಟ್ ಮಾಡಿಸಿ, ಎಂಟಕ್ಕೂ ಗ್ರೈಂಡಿಂಗ್ ಪೇಸ್ಟ್ ಹಾಕಿ ಉಜ್ಜಿದೆವು. ಪೋರ್ಟಿಗೆ ಸೀಮೆಎಣ್ಣೆ ತುಂಬಿ ಬಿಟ್ಟಾಗ ಒಂದು ಹನಿಯೂ ಇಳಿಯಲಿಲ್ಲ.

ಬೋರಿನ ಬಗ್ಗೆ ಹೆಚ್ಚು ಯೋಚನೆ ಮಾಡಬೇಕಾಯಿತು. ಡಯಲ್ ಗೇಜಿನಲ್ಲಿ ಸವಕಳಿ ನಾಲ್ಕೂ ಬೋರಿನಲ್ಲಿ ಹೆಚ್ಚುಕಡಿಮೆ ಒಂದೇ, ಬೋರಿಂಗ್ ಕೇಳುವಷ್ಟಿಲ್ಲ. ಮೂರರ ಗೆರೆಯಲ್ಲಿ ಸಣ್ಣ ಗುಳಿಗಳು ಉಳಿದಿದ್ದವು. ಪಿಸ್ಟನ್ ತೆಗೆದು ಹೋನ್ ಮಾಡಿ (ಬೋರಿನ ಗೋಡೆಯನ್ನು ಸಾಣೆಕಲ್ಲಿನಿಂದ ಉಜ್ಜಿ) ಹೊಸ ರಿಂಗು ಹಾಕಿದರೆ ಒಳ್ಳೆಯದು ಅನ್ನುವವರಿದ್ದಾರೆ, ಅದು ತಪ್ಪಲ್ಲ. ನಾನು ಬೇಡ ಅಂದೆ. ಗುಳಿಗಳು ಆಳವಿಲ್ಲ, ಒಂದಕ್ಕೊಂದು ಸೇರಿಲ್ಲ. ಕೂತ ರಿಂಗು ಓಡಿದಾಗ ಬಿಡುವ ಸಾಧ್ಯತೆ ಹೆಚ್ಚು. ಬಿಡದಿದ್ದರೆ ಆಮೇಲೆ ಪಿಸ್ಟನ್ ತೆಗೆಯಲು ಅಡ್ಡಿಯೇನಿಲ್ಲ, ಹೆಚ್ಚಿಗೆ ಹೋಗುವುದು ಒಂದು ಗ್ಯಾಸ್ಕೆಟ್ ಮಾತ್ರ. ಮೊದಲೇ ಬೋರ್ ಮಾಡಿಸಿದರೆ ಆ ಲೋಹ ತಿರುಗಿ ಬರುವುದಿಲ್ಲ. ಈ ಗಾಡಿ ಓಡಬೇಕಾದದ್ದು ಮಡಿಕೇರಿ ಪೇಟೆಗೆ, ಭಾಗಮಂಡಲಕ್ಕೆ, ಹುತ್ತರಿಗೆ ನೆಂಟರ ಮನೆಗೆ. ಪಿಸ್ಟನ್ನುಗಳನ್ನು ಕೆಳಗಿಳಿಸಿ, ಗೆರೆಯನ್ನು ಆಯಿಲಿನಲ್ಲಿ ನೆನೆಸಿದ ನಯವಾದ ಉಜ್ಜುಬಟ್ಟೆಯಿಂದ ಉಜ್ಜಿ, ಧೂಳು ಒಂದಿಷ್ಟೂ ಉಳಿಯದಂತೆ ಒರೆಸಿದೆವು. ಹೊಸ ಗ್ಯಾಸ್ಕೆಟ್ ಹಾಕಿ, ಹೆಡ್ಡಿನ ನಟ್ಟುಗಳನ್ನು ನಡುವಿನಿಂದ ಹೊರಕ್ಕೆ, ಒಂದೇ ಸಲಕ್ಕಲ್ಲದೆ ಹಂತಹಂತವಾಗಿ ಟಾರ್ಕ್ ರೆಂಚಿನಲ್ಲಿ ಬಿಗಿದೆವು.

ಪೆಟ್ರೋಲ್ ಟ್ಯಾಂಕು ತೊಳೆದದ್ದು, ಎಥೆನಾಲ್ ತಡೆಯುವ ಹೊಸ ರಬ್ಬರ್ ಪೈಪು, ಕಾರ್ಬುರೇಟರ್ ಕಿಟ್, ಬ್ರೇಕ್ ಸಿಲಿಂಡರ್‌ಗಳು, ಇವೆಲ್ಲ ಬೇರೆ ಕಥೆ. ಸೈಲೆನ್ಸರಿನ ಮಾತು ಮಾತ್ರ ಇಲ್ಲಿ ಹೇಳಬೇಕು: ಅದನ್ನೂ ಬದಲಿಸಿದೆವು, ಬಿಚ್ಚಿ ಬಗ್ಗಿಸಿದಾಗ ಕಂದು ನೀರು ಸುರಿಯಿತು.

ಸ್ಟಾರ್ಟ್ ಆದ ದಿನ ನೀಲಿ ಹೊಗೆ ಬಹಳ ಇತ್ತು, ನೆನೆಹಾಕಿದ ಎಣ್ಣೆ ಉರಿಯುತ್ತಿದ್ದುದರಿಂದ ಅದು ಬರಬೇಕಾದದ್ದೇ. ಎಂಜಿನ್ ಬಿಸಿಯಾದ ಮೇಲೆ ಅಳೆದಾಗ ಒಂದು 98, ಎರಡು 112, ಮೂರು 94, ನಾಲ್ಕು 110. ಒಂದು ಮತ್ತು ಮೂರರ ರಿಂಗು ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಯಜಮಾನರಿಗೆ ಹೇಳಿದ್ದು ಇಷ್ಟೇ: ಶೆಡ್ಡಿನಲ್ಲಿ ನಿಲ್ಲಿಸಿ ಐಡ್ಲಿಂಗ್ ಓಡಿಸಬೇಡಿ, ರಸ್ತೆಗೆ ತೆಗೆದುಕೊಂಡು ಹೋಗಿ, ಹತ್ತುವ ದಾರಿಯಲ್ಲಿ ಸ್ವಲ್ಪ ಭಾರ ಕೊಡಿ. ರಿಂಗು ಬಿಡುವುದು, ಗೋಡೆಗೆ ಒತ್ತಿ ಕೂರುವುದು ಭಾರ ಬಿದ್ದಾಗ. ಸುಮಾರು 300 ಕಿಲೋಮೀಟರ್ ಓಡಿದ ಮೇಲೆ ಆಯಿಲ್ ಬದಲಿಸಿ, ಟ್ಯಾಪೆಟ್ ಮತ್ತೆ ನೋಡಿ, ಗೇಜ್ ಹಾಕಿದೆವು: 110, 114, 106, 112. ಮೂರನೆಯದು ಇನ್ನೂ ಎಲ್ಲಕ್ಕಿಂತ ಕೆಳಗೆ, ಆದರೆ ಮೇಲಿನದಕ್ಕೂ ಅದಕ್ಕೂ ವ್ಯತ್ಯಾಸ ಹತ್ತು ಶೇಕಡಾ ಒಳಗೆ. ಸಮುದ್ರಮಟ್ಟಕ್ಕೆ ಲೆಕ್ಕ ಹಾಕಿದರೆ ಅದೂ 120 ದಾಟುತ್ತದೆ.

ಆ ವರ್ಷದ ಮಳೆಗಾಲಕ್ಕೆ ಗಾಡಿ ನಿಲ್ಲಿಸುವಾಗ ನಾನೇ ಹೋಗಿದ್ದೆ. ಮಡಿಕೇರಿಗೆ ಒಂದು ಸುತ್ತು ಓಡಿಸಿ, ಸೈಲೆನ್ಸರಿನ ತುದಿವರೆಗೂ ಬಿಸಿಯಾದ ಮೇಲೆ ಶೆಡ್ಡಿಗೆ ಹಾಕಿದೆವು. ಪ್ಲಗ್ ತೆಗೆದು ಪ್ರತಿ ಬೋರಿಗೂ ಒಂದು ಚಮಚ ಆಯಿಲ್ ಹಾಕಿ ಕೈಯಲ್ಲಿ ಸುತ್ತಿ, ಸೈಲೆನ್ಸರಿನ ಬಾಯಿಗೂ ಕಾರ್ಬುರೇಟರಿಗೂ ಎಣ್ಣೆ ಬಟ್ಟೆ ತುರುಕಿ, ಬಟ್ಟೆ ಇದೆ ಎಂದು ದೊಡ್ಡ ಅಕ್ಷರದಲ್ಲಿ ಬರೆದು ಸ್ಟೀರಿಂಗಿಗೆ ಕಟ್ಟಿದೆವು. ಆಮೇಲೆ ಹ್ಯಾಂಡಲ್ ಸುತ್ತಿ, ಈ ಸಲ ಒಂದು ಮತ್ತು ಮೂರನೇ ಸಿಲಿಂಡರಿನ ವಾಲ್ವುಗಳು ಮುಚ್ಚಿರುವ ಹಾಗೆ ನಿಲ್ಲಿಸಿದೆ. ತೇವ ಬರುವುದಾದರೆ ಗಟ್ಟಿಯಾಗಿರುವ ಉಳಿದೆರಡು ಸಿಲಿಂಡರಿಗೆ ಬರಲಿ. ಮಳೆ ಬಿಟ್ಟ ಮೇಲೆ ಗೇಜ್ ಹಾಕಿದಾಗ ಮೂರನೆಯದು 107 ಇತ್ತು.